ಗುಳಿಗೆ, ಚೀಟಿ ಮತ್ತು ರಾಜ್ಯದ ಗಡಿ

ರಾಜ್ಯದ ಗಡಿಯೆಂದರೇನು ಎಂಬುದನ್ನು ನಮ್ಮ ಓದುಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತಲಪಾಡಿಯಿಂದ ಈಚೆಗೆ ಒಂದು ಸರ್ಕಾರ, ಆಚೆಗೆ ಇನ್ನೊಂದು. ಅತ್ತಿಬೆಲೆಯನ್ನು ದಾಟಿದೊಡನೆ ಅಂಗಡಿಯ ಫಲಕಗಳ ಲಿಪಿ ಬದಲಾಗುತ್ತದೆ; ಅಕ್ಕಲಕೋಟೆಯ ಮಗು ಓದುವ ಪಠ್ಯಪುಸ್ತಕಕ್ಕೂ ಆಳಂದದ ಮಗು ಓದುವ ಪಠ್ಯಪುಸ್ತಕಕ್ಕೂ ಸಂಬಂಧವಿರುವುದಿಲ್ಲ. ಮಣ್ಣು ಅದೇ, ಮಳೆ ಅದೇ, ಮನೆಯೊಳಗಿನ ಮಾತೂ ಅದೇ. ಬದಲಾಗುವುದು ಕಾಗದ ಮಾತ್ರ. ಆದರೆ ಬದುಕಿನ ಎಷ್ಟೋ ಸಂಗತಿಗಳು ಆ ಕಾಗದವನ್ನೇ ನೆಚ್ಚಿಕೊಂಡಿವೆಯೆಂಬುದನ್ನು ಗಡಿಯವರಷ್ಟು ಚೆನ್ನಾಗಿ ಬಲ್ಲವರು ವಿರಳ. ಈ ತಿಂಗಳು ನಾವು ಹೇಳಹೊರಟಿರುವುದು ಸಮುದ್ರದಾಚೆಯ ಅಮೆರಿಕದ ಸಂಗತಿಯಾದರೂ ನಮ್ಮವರಿಗೆ ಅದು ತೀರ ಪರಕೀಯವೆನಿಸಲಾರದೆಂದು ಭಾವಿಸಿದ್ದೇವೆ.

ಓದುಗ ತಾಯಿಯೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗಳು ಮದುವೆಯಾಗಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನೆಲೆಸಿದ್ದಾಳೆ. ಎರಡನೆಯ ಮಗು ಸದ್ಯಕ್ಕೆ ಬೇಡವೆಂದು ನಿಶ್ಚಯಿಸಿ, ಗರ್ಭನಿರೋಧಕ ಗುಳಿಗೆಯನ್ನು ವೈದ್ಯರಲ್ಲಿಗೆ ಹೋಗದೆ ಮದ್ದಿನಂಗಡಿಯಲ್ಲಿಯೇ ಬರೆಸಿಕೊಂಡಳಂತೆ. “ನಮ್ಮೂರ ಅಂಗಡಿಯವರಂತೆ ಅಲ್ಲಿಯವರೂ ಕೇಳಿದ್ದನ್ನು ಕೊಟ್ಟುಬಿಡುತ್ತಾರೆಯೇ? ಅಷ್ಟು ಮುಂದುವರಿದ ದೇಶದಲ್ಲಿ ಹೀಗೂ ಉಂಟೇ?” ಎಂಬುದು ಆ ತಾಯಿಯ ಪ್ರಶ್ನೆ. ಇಂತಹ ವಿಷಯವನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಎತ್ತಬಹುದೇ ಎಂಬ ಸಂಕೋಚವನ್ನೂ ಅವರು ತೋಡಿಕೊಂಡಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಎತ್ತಲೇಬೇಕು. ಹಿತ್ತಿಲ ಬಾಗಿಲಲ್ಲಿ ಪಿಸುಗುಟ್ಟಿದ ಮಾತಿಗಿಂತ ಹಜಾರದಲ್ಲಿ ಬಿಚ್ಚಿ ಆಡಿದ ಮಾತಿನಿಂದ ಹೆಣ್ಣುಮಕ್ಕಳಿಗೆ ಹೆಚ್ಚು ಕ್ಷೇಮ.

ಉತ್ತರಕ್ಕೆ ಮುನ್ನ ಸ್ವಲ್ಪ ಹಿಂದಿನ ಕಥೆ ಬೇಕು. ಸಂತಾನನಿಯಂತ್ರಣದ ವಿಷಯದಲ್ಲಿ ಅಮೆರಿಕವು ಮೊದಲಿನಿಂದಲೂ ಉದಾರ ದೇಶವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ವಾಸ್ತವ ಬೇರೆಯೇ ಇದೆ. 1873ರಲ್ಲಿ ಅಲ್ಲಿಯ ಸಂಸತ್ತು ಕಾಮ್‌ಸ್ಟಾಕ್ ಶಾಸನವೆಂಬುದನ್ನು ಮಾಡಿ, ಗರ್ಭನಿರೋಧಕ ಸಾಧನಗಳನ್ನಾಗಲಿ ಅವುಗಳ ವಿಷಯ ತಿಳಿಸುವ ಬರಹವನ್ನಾಗಲಿ ಅಂಚೆಯಲ್ಲಿ ಕಳುಹಿಸುವುದನ್ನು ಅಪರಾಧವೆಂದು ಸಾರಿತು. 1879ರಲ್ಲಿ ಕನೆಕ್ಟಿಕಟ್ ರಾಜ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿವಾಹಿತ ದಂಪತಿಗಳು ತಮ್ಮ ಮನೆಯಲ್ಲಿ ಇಂತಹ ಸಾಧನವನ್ನು ಬಳಸುವುದನ್ನೇ ನಿಷೇಧಿಸಿತು. ಮಾರ್ಗರೆಟ್ ಸ್ಯಾಂಗರ್ ಎಂಬ ದಾದಿ 1916ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಬಡ ಹೆಂಗಸರಿಗಾಗಿ ಚಿಕಿತ್ಸಾಲಯ ತೆರೆದಾಗ ಪೊಲೀಸರು ಕೆಲವೇ ದಿನಗಳಲ್ಲಿ ಅದನ್ನು ಮುಚ್ಚಿಸಿದರು. ಆಕೆ ಸೆರೆಮನೆಗೂ ಹೋಗಬೇಕಾಯಿತು.

ಇಲ್ಲಿ ಒಂದು ಮಾತನ್ನು ಕನ್ನಡಿಗರು ನೆನೆಯದೆ ಮುಂದೆ ಹೋಗಲಾಗದು. 1930ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಬೆಂಗಳೂರು ಹಾಗೂ ಮೈಸೂರು ನಗರಗಳಲ್ಲಿ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿಸಿತು. ಸರ್ಕಾರವೇ ಮುಂದೆ ನಿಂತು ನಡೆಸಿದ ಇಂತಹ ಚಿಕಿತ್ಸಾಲಯಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲಿನವುಗಳೆಂದು ಎಣಿಸುವುದುಂಟು. ಆ ವರ್ಷ ಕನೆಕ್ಟಿಕಟ್ಟಿನಲ್ಲಿ ಗಂಡಹೆಂಡಿರು ಅದೇ ಸಲಹೆಯನ್ನು ಪಾಲಿಸಿದ್ದರೆ ಅಪರಾಧಿಗಳಾಗುತ್ತಿದ್ದರು. ಮುಂದುವರಿದ ದೇಶ, ಹಿಂದುಳಿದ ದೇಶ ಎಂಬ ಮಾತುಗಳನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ!

ಕನೆಕ್ಟಿಕಟ್ಟಿನ ಆ ಕಾನೂನು ಬಿದ್ದುದು 1965ರಲ್ಲಿ. ಎಸ್ಟೆಲ್ ಗ್ರಿಸ್ವಾಲ್ಡ್ ಎಂಬ ಮಹಿಳೆಯೂ ಯೇಲ್ ವಿಶ್ವವಿದ್ಯಾಲಯದ ವೈದ್ಯರಾದ ಬಕ್ಸ್‌ಟನ್ನರೂ 1961ರಲ್ಲಿ ನ್ಯೂ ಹೇವನ್ ನಗರದಲ್ಲಿ ಚಿಕಿತ್ಸಾಲಯ ತೆರೆದು ಬೇಕೆಂದೇ ಬಂಧನಕ್ಕೊಳಗಾದರು. ಇಬ್ಬರಿಗೂ ತಲಾ ನೂರು ಡಾಲರು ದಂಡ ಬಿತ್ತು. ಆ ದಂಡವೇ ಸರ್ವೋಚ್ಚ ನ್ಯಾಯಾಲಯದವರೆಗೆ ನಡೆದು, ದಾಂಪತ್ಯದ ಏಕಾಂತದೊಳಕ್ಕೆ ಸರ್ಕಾರ ಕಾಲಿಡಲಾಗದೆಂಬ ತೀರ್ಪಾಗಿ ಹಿಂದಿರುಗಿತು. ಅವಿವಾಹಿತರಿಗೆ ಅದೇ ಹಕ್ಕು ದೊರೆಯಲು 1972ರವರೆಗೆ ಕಾಯಬೇಕಾಯಿತು.

ಅಷ್ಟರಲ್ಲಿ ಗುಳಿಗೆ ಬಂದಿತ್ತು. ಎನೋವಿಡ್ ಎಂಬ ಹೆಸರಿನ ಮೊದಲ ಗುಳಿಗೆಗೆ 1957ರಲ್ಲಿ ಮುಟ್ಟಿನ ತೊಂದರೆಗಳ ಔಷಧವೆಂದೂ 1960ರಲ್ಲಿ ಗರ್ಭನಿರೋಧಕವೆಂದೂ ಅಮೆರಿಕದ ಔಷಧ ಆಡಳಿತವು ಅನುಮತಿಯಿತ್ತಿತು. ಅದಕ್ಕೆ ಮುನ್ನ ದೊಡ್ಡ ಪ್ರಮಾಣದ ಪ್ರಯೋಗ ನಡೆದದ್ದು 1956ರಿಂದ ಪೋರ್ಟೋ ರಿಕೋ ದ್ವೀಪದ ಬಡ ಹೆಂಗಸರ ಮೇಲೆ. ತಾವು ಪ್ರಯೋಗಕ್ಕೊಳಗಾಗಿದ್ದೇವೆಂಬ ಪೂರ್ಣ ಅರಿವನ್ನು ಅವರಿಗೆ ಯಾರೂ ಮಾಡಿಕೊಟ್ಟಿರಲಿಲ್ಲ. ಆ ಗುಳಿಗೆಯಲ್ಲಿದ್ದ ಈಸ್ಟ್ರೋಜನ್ ವರ್ಗದ ಹಾರ್ಮೋನಿನ ಪ್ರಮಾಣ 0.15 ಮಿಲಿಗ್ರಾಂ. ಇಂದಿನ ಗುಳಿಗೆಗಳಲ್ಲಿ ಸಾಮಾನ್ಯವಾಗಿರುವುದು 0.02ರಿಂದ 0.035 ಮಿಲಿಗ್ರಾಂ. ಮೊದಲ ಕಾಲದ ಗುಳಿಗೆ ನುಂಗಿದವರಲ್ಲಿ ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಕಾಣಿಸಿಕೊಂಡವು. 1970ರಲ್ಲಿ ಸೆನೆಟರ್ ನೆಲ್ಸನ್ನರ ನೇತೃತ್ವದಲ್ಲಿ ವಿಚಾರಣೆಗಳು ನಡೆದಾಗ ಸಾಕ್ಷ್ಯ ಹೇಳಲು ಕರೆಯಲ್ಪಟ್ಟವರಲ್ಲಿ ಗುಳಿಗೆ ನುಂಗುವ ಹೆಂಗಸರು ಇರಲಿಲ್ಲ. ನಮ್ಮನ್ನೇಕೆ ಕೇಳುವುದಿಲ್ಲವೆಂದು ಸಭಾಂಗಣದಲ್ಲಿಯೇ ತರುಣಿಯರು ಎದ್ದುನಿಂತು ಪ್ರತಿಭಟಿಸಿದರು. ಅದರ ಫಲವಾಗಿ ಗುಳಿಗೆಯ ಪೊಟ್ಟಣದೊಳಗೆ ಅಪಾಯಗಳನ್ನು ತಿಳಿಸುವ ಮಾಹಿತಿಪತ್ರವನ್ನು ಕಡ್ಡಾಯವಾಗಿ ಇಡುವ ನಿಯಮ ಬಂದಿತು. ಇಂದು ನಾವು ಮದ್ದಿನ ಪೆಟ್ಟಿಗೆಯಿಂದ ತೆಗೆದು ಮಡಿಕೆ ಬಿಚ್ಚದೆಯೇ ಎಸೆಯುವ ಆ ತೆಳುಕಾಗದದ ಹಿಂದೆ ಇಷ್ಟೊಂದು ಜಗಳವಿದೆ.

ಈಗ ಕಾನೂನಿನ ಮುಖ್ಯ ಗಂಟಿಗೆ ಬರೋಣ. ಯಾವ ಔಷಧಕ್ಕೆ ಚೀಟಿ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಅಮೆರಿಕದಲ್ಲಿ ನಿರ್ಧರಿಸುವುದು ಕೇಂದ್ರದ ಔಷಧ ಆಡಳಿತ. 1951ರ ತಿದ್ದುಪಡಿಯೊಂದು ಈ ವಿಂಗಡಣೆಯನ್ನು ಗಟ್ಟಿಗೊಳಿಸಿತು. ಆ ತಿದ್ದುಪಡಿಯನ್ನು ಮಂಡಿಸಿದ ಡರ್ಹಮ್ ಮತ್ತು ಹಂಫ್ರಿ ಇಬ್ಬರೂ ರಾಜಕೀಯಕ್ಕೆ ಬರುವ ಮುನ್ನ ಮದ್ದಿನಂಗಡಿಯಲ್ಲಿ ಔಷಧ ಕಟ್ಟಿಕೊಡುತ್ತಿದ್ದವರೆಂಬುದು ಸ್ವಾರಸ್ಯದ ಸಂಗತಿ. ಆದರೆ ಚೀಟಿಯನ್ನು ಯಾರು ಬರೆಯಬಹುದು ಎಂಬ ಪ್ರಶ್ನೆ ಕೇಂದ್ರದ್ದಲ್ಲ. ಅದು ಪ್ರತಿಯೊಂದು ರಾಜ್ಯದ ಶಾಸನಸಭೆಯ ಅಧಿಕಾರ. ವೈದ್ಯರಿಗೂ ದಾದಿಯರಿಗೂ ಔಷಧಜ್ಞರಿಗೂ ಪರವಾನಗಿ ಕೊಡುವುದು ರಾಜ್ಯವೇ ಆದ್ದರಿಂದ, ಯಾರ ಲೇಖನಿಗೆ ಎಷ್ಟು ಬಲವೆಂಬುದನ್ನು ನಿಗದಿಮಾಡುವುದೂ ರಾಜ್ಯವೇ. ಗುಳಿಗೆಗೆ ಚೀಟಿ ಬೇಕೆಂಬ ಕೇಂದ್ರದ ನಿಯಮವನ್ನು ಮುಟ್ಟದೆ, ಚೀಟಿ ಬರೆಯುವ ಕೈಯನ್ನೇ ಬದಲಾಯಿಸಬಹುದಲ್ಲವೇ ಎಂಬ ಆಲೋಚನೆ ಹುಟ್ಟಿದ್ದು ಈ ಸಂದಿನಲ್ಲಿ.

ವಾಷಿಂಗ್ಟನ್ ರಾಜ್ಯದಲ್ಲಿ 1979ರಿಂದಲೇ ಔಷಧಜ್ಞರು ವೈದ್ಯರೊಡನೆ ಒಪ್ಪಂದ ಮಾಡಿಕೊಂಡು ಕೆಲವು ಔಷಧಗಳನ್ನು ತಾವೇ ಆರಂಭಿಸಿಕೊಡುವ ಅವಕಾಶವಿತ್ತು. 1998ರಲ್ಲಿ ಅಲ್ಲಿ ತುರ್ತು ಗರ್ಭನಿರೋಧಕ ಗುಳಿಗೆಯನ್ನು ಆ ರೀತಿ ಕೊಟ್ಟು ನೋಡಿದರು. ದಿನನಿತ್ಯದ ಗುಳಿಗೆಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ಶಾಸನವನ್ನು ಮೊದಲು ಮಾಡಿದ್ದು ಕ್ಯಾಲಿಫೋರ್ನಿಯಾ, 2013ರಲ್ಲಿ. ಶಾಸನವೇನೋ ಬಂದಿತು, ಅದನ್ನು ಹೇಗೆ ನಡೆಸಬೇಕೆಂಬ ನಿಯಮಾವಳಿ ಸಿದ್ಧವಾಗುವಾಗ 2016ರ ಏಪ್ರಿಲ್ ಆಯಿತು. ಅಷ್ಟರಲ್ಲಿ ನೆರೆಯ ಆರೆಗಾನ್ 2015ರಲ್ಲಿ ಮಸೂದೆ ಅಂಗೀಕರಿಸಿ 2016ರ ಜನವರಿ 1ರಿಂದಲೇ ಜಾರಿಗೆ ತಂದು ಮುಂದೆ ನಡೆಯಿತು. ಆರೆಗಾನಿನ ಮಸೂದೆಯನ್ನು ಮುನ್ನಡೆಸಿದವರು ನೂಟ್ ಬ್ಯೂಲರ್ ಎಂಬ ವೈದ್ಯರು, ರಿಪಬ್ಲಿಕನ್ ಪಕ್ಷದ ಶಾಸಕರು. ಸಹಿ ಹಾಕಿದವರು ಡೆಮಾಕ್ರಟಿಕ್ ಪಕ್ಷದ ರಾಜ್ಯಪಾಲೆ ಕೇಟ್ ಬ್ರೌನ್. ಗರ್ಭಪಾತದ ವಿಷಯವೆದ್ದರೆ ಒಬ್ಬರ ಮುಖ ಒಬ್ಬರು ನೋಡದ ಆ ದೇಶದ ಎರಡು ಪಕ್ಷಗಳು ಈ ಒಂದು ವಿಷಯದಲ್ಲಿ ಅಷ್ಟಿಷ್ಟು ಕೂಡಿ ನಡೆದಿವೆ. ಟೆನ್ನೆಸೀ, ಯೂಟಾ, ದಕ್ಷಿಣ ಕ್ಯಾರೊಲೈನಾ ಮೊದಲಾದ ಸಂಪ್ರದಾಯಸ್ಥ ರಾಜ್ಯಗಳೂ ಇಂತಹ ಶಾಸನ ಮಾಡಿವೆ. ಇಂದು ಐವತ್ತು ರಾಜ್ಯಗಳ ಪೈಕಿ ಅರ್ಧಕ್ಕೂ ಮಿಕ್ಕಿದವುಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಈ ವ್ಯವಸ್ಥೆಯುಂಟು.

ಹಾಗಾದರೆ ಅಂಗಡಿಯಲ್ಲಿ ನಡೆಯುವುದೇನು? ನಮ್ಮ ಪತ್ರಲೇಖಕಿಯ ನಿಜವಾದ ಚಿಂತೆ ಇದೇ ಆದ್ದರಿಂದ ಇದನ್ನು ಸಾವಧಾನವಾಗಿ ಹೇಳಬೇಕು.

ಮೊದಲನೆಯದಾಗಿ, ಅಲ್ಲಿ ಎದುರಿಗೆ ನಿಲ್ಲುವವನು ಕೇವಲ ವ್ಯಾಪಾರಿಯಲ್ಲ. ಅಮೆರಿಕದ ಔಷಧಜ್ಞನು ಸುಮಾರು ಆರು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕಾಲೇಜಿನಲ್ಲಿ ಓದಿ, ಔಷಧವಿಜ್ಞಾನದ ಡಾಕ್ಟರ್ ಎಂಬ ಪದವಿ ಪಡೆದು, ರಾಜ್ಯದ ಮಂಡಳಿಯ ಪರವಾನಗಿ ಹೊಂದಿರುತ್ತಾನೆ. ಗರ್ಭನಿರೋಧಕ ಬರೆದುಕೊಡಲು ಇಚ್ಛಿಸುವವನು ಹಲವು ರಾಜ್ಯಗಳಲ್ಲಿ ಅದಕ್ಕೆಂದೇ ಬೇರೆ ತರಬೇತಿಯನ್ನೂ ಪಡೆಯಬೇಕು. ಹೆಣ್ಣುಮಗಳು ಹೋಗಿ ಕೇಳಿದೊಡನೆ ಆಕೆಯ ಕೈಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ. ಧೂಮಪಾನ ಮಾಡುತ್ತೀರಾ, ವಯಸ್ಸು ಮೂವತ್ತೈದು ದಾಟಿದೆಯೇ, ಹೆರಿಗೆಯಾಗಿ ಎಷ್ಟು ವಾರಗಳಾದವು, ಕಾಲಿನಲ್ಲಾಗಲಿ ಶ್ವಾಸಕೋಶದಲ್ಲಾಗಲಿ ಎಂದಾದರೂ ರಕ್ತ ಹೆಪ್ಪುಗಟ್ಟಿದ್ದುಂಟೇ, ತಲೆಶೂಲೆ ಬರುವ ಮುನ್ನ ಕಣ್ಣಿನೆದುರು ಮಿಂಚಿನ ಗೆರೆಗಳು ಕಾಣುತ್ತವೆಯೇ, ಸ್ತನದ ಅರ್ಬುದ, ಯಕೃತ್ತಿನ ವ್ಯಾಧಿ, ಹೃದಯದ ತೊಂದರೆ ಇದ್ದುವೇ, ಕ್ಷಯಕ್ಕೋ ಅಪಸ್ಮಾರಕ್ಕೋ ಔಷಧ ಸೇವಿಸುತ್ತಿದ್ದೀರಾ - ಹೀಗೆ ಸಾಗುತ್ತದೆ ಆ ಪಟ್ಟಿ. ಇದನ್ನು ಯಾರೋ ಅಂಗಡಿಯವರು ಕಲ್ಪಿಸಿದ್ದಲ್ಲ. ಯಾವ ಸ್ಥಿತಿಯಲ್ಲಿರುವವರಿಗೆ ಯಾವ ವಿಧಾನ ನಿರಪಾಯವೆಂದು ಅಲ್ಲಿಯ ರೋಗ ನಿಯಂತ್ರಣ ಕೇಂದ್ರವು ಪ್ರಕಟಿಸುವ ಅರ್ಹತಾ ಸೂತ್ರಗಳನ್ನು ಅನುಸರಿಸಿ ರೂಪಿಸಿದ್ದು.

ಅನಂತರ ಔಷಧಜ್ಞನು ಆಕೆಯ ರಕ್ತದೊತ್ತಡ ನೋಡುತ್ತಾನೆ. ಅದು 140ಕ್ಕೆ 90 ಅಥವಾ ಅದಕ್ಕಿಂತ ಮೇಲಿದ್ದರೆ ಈಸ್ಟ್ರೋಜನ್ ಇರುವ ಗುಳಿಗೆಯನ್ನು ಕೊಡದೆ ವೈದ್ಯರಲ್ಲಿಗೆ ಕಳುಹಿಸುತ್ತಾನೆ. ಉತ್ತರಗಳಲ್ಲಿ ಸಂಶಯವಿದ್ದರೂ ಹಾಗೆಯೇ. ಎಲ್ಲವೂ ಸರಿಯಿದ್ದರೆ ಗುಳಿಗೆಯನ್ನೋ ಚರ್ಮಕ್ಕೆ ಅಂಟಿಸುವ ಪಟ್ಟಿಯನ್ನೋ ಬರೆದುಕೊಟ್ಟು, ನುಂಗುವ ಕ್ರಮ, ಮರೆತರೆ ಮಾಡಬೇಕಾದುದು, ಅಪಾಯದ ಸೂಚನೆಗಳು ಇವನ್ನೆಲ್ಲ ತಿಳಿಸಿ, ಆಕೆಗೆ ವೈದ್ಯರಿದ್ದರೆ ಅವರಿಗೂ ಸುದ್ದಿ ಮುಟ್ಟಿಸುತ್ತಾನೆ. ಆರೆಗಾನಿನ ಶಾಸನವು ಮೊದಲಿಗೆ ಗುಳಿಗೆ ಮತ್ತು ಪಟ್ಟಿಗಳಿಗಷ್ಟೆ ಸೀಮಿತವಾಗಿದ್ದು, 2017ರಲ್ಲಿ ಚುಚ್ಚುಮದ್ದಿಗೂ ಯೋನಿಯೊಳಗೆ ಧರಿಸುವ ಬಳೆಗೂ ವಿಸ್ತಾರಗೊಂಡಿತು. ಮೂರು ವರ್ಷಗಳಲ್ಲಿ ಒಮ್ಮೆಯಾದರೂ ವೈದ್ಯರನ್ನು ಕಂಡಿರಬೇಕೆಂಬ ನಿಬಂಧನೆಯನ್ನೂ ಅದರಲ್ಲಿ ಇಟ್ಟರು.

ಹೀಗಿರುವಾಗ ಪತ್ರ ಬರೆದ ತಾಯಿಯವರು ಮಗಳ ವಿಷಯದಲ್ಲಿ ಗಾಬರಿಗೊಳ್ಳಬೇಕಾದುದಿಲ್ಲ. ಆಕೆಗೆ ಸಿಕ್ಕ ವಿಚಾರಣೆ ಎಷ್ಟೋ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಸಿಕ್ಕುವುದಕ್ಕಿಂತ ಕಡಮೆಯದೇನಲ್ಲ.

ಶಾಸನಗಳು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕೆಲವು ರಾಜ್ಯಗಳಲ್ಲಿ ಔಷಧಜ್ಞನೇ ಸ್ವತಃ ಚೀಟಿ ಬರೆಯುವ ಅಧಿಕಾರಿ. ಇನ್ನು ಕೆಲವೆಡೆ ರಾಜ್ಯದ ಆರೋಗ್ಯಾಧಿಕಾರಿಯೊಬ್ಬರು ಒಂದೇ ಸಾಮಾನ್ಯ ಆದೇಶಕ್ಕೆ ಸಹಿ ಹಾಕಿ, ಅದರ ಬಲದಿಂದ ರಾಜ್ಯದ ಎಲ್ಲ ಅಂಗಡಿಗಳಲ್ಲಿಯೂ ಕೊಡಿಸುತ್ತಾರೆ. ಮತ್ತೆ ಕೆಲವೆಡೆ ಒಬ್ಬೊಬ್ಬ ಔಷಧಜ್ಞನೂ ಒಬ್ಬೊಬ್ಬ ವೈದ್ಯರೊಡನೆ ಬೇರೆ ಬೇರೆ ಒಪ್ಪಂದ ಮಾಡಿಕೊಳ್ಳಬೇಕು. ವಯಸ್ಸಿನ ವಿಷಯದಲ್ಲಿಯೂ ಹಾಗೆಯೇ. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ ವಯಸ್ಸಿಲ್ಲ; ಆರೆಗಾನಿನಲ್ಲಿ ಆರಂಭದ ವರ್ಷಗಳಲ್ಲಿ ಹದಿನೆಂಟು ತುಂಬದವರು ಮೊದಲ ಸಲ ವೈದ್ಯರಿಂದಲೇ ಬರೆಸಿಕೊಂಡಿರಬೇಕಿತ್ತು; ಹದಿನೆಂಟರ ಗೆರೆಯನ್ನು ಇಂದಿಗೂ ಉಳಿಸಿಕೊಂಡಿರುವ ರಾಜ್ಯಗಳುಂಟು. ನದಿಯ ಈ ದಡದಲ್ಲಿ ಒಂದು ನೀತಿ, ಆ ದಡದಲ್ಲಿ ಇನ್ನೊಂದು. ಗಡಿಯ ಬದುಕು ಎಲ್ಲಿಯಾದರೂ ಗಡಿಯ ಬದುಕೇ.

ವಿರೋಧಿಸಿದವರು ಹೇಳಿದ್ದೇನು? ವೈದ್ಯರಲ್ಲಿ ಕೆಲವರು, ಗುಳಿಗೆಯ ಚೀಟಿಗೆಂದು ವರ್ಷಕ್ಕೊಮ್ಮೆ ಬರುವ ಹೆಣ್ಣುಮಗಳು ಇನ್ನು ಬಾರದಿದ್ದರೆ ಗರ್ಭಕೊರಳಿನ ಅರ್ಬುದದ ಪರೀಕ್ಷೆ ತಪ್ಪಿಹೋಗುವುದಿಲ್ಲವೇ ಎಂದರು. ಈ ಕಳಕಳಿಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಪರೀಕ್ಷೆಗೂ ಗುಳಿಗೆಗೂ ವೈದ್ಯಕೀಯವಾಗಿ ಯಾವ ನಂಟೂ ಇಲ್ಲ. ಒಂದು ಒಳ್ಳೆಯ ಪರೀಕ್ಷೆಗೆ ಬರಲೆಂದು ಇನ್ನೊಂದು ಅಗತ್ಯದ ವಸ್ತುವನ್ನು ಒತ್ತೆಯಿಟ್ಟುಕೊಳ್ಳುವುದು ನ್ಯಾಯವೆನಿಸುವುದಿಲ್ಲ. ಅಮೆರಿಕದ ಪ್ರಸೂತಿ ಹಾಗೂ ಸ್ತ್ರೀರೋಗ ತಜ್ಞರ ಸಂಘವಂತೂ 2012ರಿಂದಲೇ ಗುಳಿಗೆಗೆ ಚೀಟಿಯೇ ಬೇಡ, ಅಂಗಡಿಯಲ್ಲಿ ನೇರವಾಗಿ ಸಿಗಲಿ ಎಂದು ವಾದಿಸುತ್ತ ಬಂದಿದೆ. ಔಷಧಜ್ಞನ ಚೀಟಿಯನ್ನು ಅದು ನಡುವಣ ಮೆಟ್ಟಿಲೆಂದು ಮಾತ್ರ ಒಪ್ಪುತ್ತದೆ.

ರಕ್ತ ಹೆಪ್ಪುಗಟ್ಟುವ ಭಯದ ವಿಷಯವೂ ಅಷ್ಟೆ. ಲೆಕ್ಕವನ್ನು ಒಮ್ಮೆ ನೋಡಬೇಕು. ಗುಳಿಗೆ ನುಂಗದ, ಗರ್ಭಿಣಿಯೂ ಅಲ್ಲದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ 1ರಿಂದ 5 ಮಂದಿಗೆ ಈ ತೊಂದರೆ ಬರುತ್ತದೆ. ಎರಡು ಹಾರ್ಮೋನುಗಳ ಸಂಯುಕ್ತ ಗುಳಿಗೆ ನುಂಗುವವರಲ್ಲಿ ಅದು 3ರಿಂದ 9. ಗರ್ಭಿಣಿಯರಲ್ಲಿ 5ರಿಂದ 20. ಹೆರಿಗೆಯಾದ ಮೊದಲ ಹನ್ನೆರಡು ವಾರಗಳಲ್ಲಿ ಈ ಪ್ರಮಾಣ 40ರಿಂದ 65ರವರೆಗೆ ಏರುತ್ತದೆ. ಗುಳಿಗೆಯ ಅಪಾಯ ಸುಳ್ಳಲ್ಲ. ಆದರೆ ಅದನ್ನು ಹೋಲಿಸಬೇಕಾದುದು ಬಯಸದ ಬಸಿರಿನ ಅಪಾಯದೊಡನೆ. ಈ ಸರಳ ತೂಕವನ್ನು ಹೆಣ್ಣಿನ ಮುಂದಿಡದೆ ಭಯವನ್ನಷ್ಟೆ ಇಡುವುದು ನಮ್ಮ ಸಮಾಜದಲ್ಲಿಯೂ ವಾಡಿಕೆ.

ಶಾಸನ ಬಂದಿತು ಎಂದ ಮಾತ್ರಕ್ಕೆ ಗುಳಿಗೆ ಕೈಗೆ ಬಂದಿತು ಎನ್ನುವಂತಿಲ್ಲ ಎಂಬುದನ್ನೂ ಅಮೆರಿಕದ ಅನುಭವವೇ ತೋರಿಸಿದೆ. ಕ್ಯಾಲಿಫೋರ್ನಿಯಾದಲ್ಲಿ ನಿಯಮ ಜಾರಿಗೆ ಬಂದು ಸುಮಾರು ಒಂದು ವರ್ಷವಾದ ಮೇಲೆ ಸಾವಿರದಷ್ಟು ಅಂಗಡಿಗಳಲ್ಲಿ ವಿಚಾರಿಸಿದಾಗ, ಔಷಧಜ್ಞನೇ ಬರೆದುಕೊಡುವ ಸೇವೆ ದೊರೆತದ್ದು ಶೇಕಡಾ 11ರಲ್ಲಿ ಮಾತ್ರ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಗಿರಾಕಿಗಳ ಸಾಲು ಕಾದಿರುವಾಗ ಒಬ್ಬಳೊಡನೆ ಕುಳಿತು ಇಪ್ಪತ್ತು ಪ್ರಶ್ನೆ ಕೇಳಲು ಸಮಯ ಬೇಕು, ಮರೆಯ ಜಾಗ ಬೇಕು, ಆ ಶ್ರಮಕ್ಕೆ ಸಂಭಾವನೆ ಬೇಕು. ಗುಳಿಗೆಯ ಬೆಲೆಯನ್ನು ವಿಮೆಯವರು ಕೊಡುತ್ತಾರೆ, ಔಷಧಜ್ಞನ ಸಲಹೆಯ ಶುಲ್ಕವನ್ನು ಎಷ್ಟೋ ವೇಳೆ ಕೊಡುವುದಿಲ್ಲ. ಅದು ಹೆಣ್ಣುಮಗಳ ಕೈಚೀಲದಿಂದಲೇ ಹೋಗಬೇಕು. ಮೇಲಾಗಿ, ತನ್ನ ಮನಸ್ಸಾಕ್ಷಿಗೆ ಒಪ್ಪದೆಂದು ಔಷಧಜ್ಞನು ನಿರಾಕರಿಸಬಹುದಾದ ಅವಕಾಶವನ್ನೂ ಹಲವು ರಾಜ್ಯಗಳು ಇಟ್ಟಿವೆ. ಪಟ್ಟಣದಲ್ಲಿ ಹತ್ತು ಅಂಗಡಿಗಳಿದ್ದರೆ ಅದು ಸಮಸ್ಯೆಯಲ್ಲ. ಐವತ್ತು ಮೈಲಿಗೊಂದೇ ಅಂಗಡಿಯಿರುವ ಊರಿನಲ್ಲಿ ಒಬ್ಬನ ಮನಸ್ಸಾಕ್ಷಿಯೇ ಇಡೀ ಊರಿನ ಕಾನೂನಾಗಿಬಿಡುತ್ತದೆ.

ಆದರೂ ಆರೆಗಾನಿನ ಲೆಕ್ಕ ನಿರಾಶಾದಾಯಕವಲ್ಲ. ಮೊದಲ ಎರಡು ವರ್ಷಗಳಲ್ಲಿ ಬಡವರ ಸರ್ಕಾರಿ ವಿಮೆಯಲ್ಲಿದ್ದ ಹೆಂಗಸರಿಗೆ ಹೊಸದಾಗಿ ಬರೆದ ಗುಳಿಗೆ ಮತ್ತು ಪಟ್ಟಿಗಳ ಚೀಟಿಗಳಲ್ಲಿ ಶೇಕಡಾ 10ರಷ್ಟನ್ನು ಔಷಧಜ್ಞರೇ ಬರೆದಿದ್ದರು. ಅದರಿಂದ 51 ಬಯಸದ ಬಸಿರುಗಳು ತಪ್ಪಿದುವೆಂದೂ ಸರ್ಕಾರಕ್ಕೆ 16 ಲಕ್ಷ ಡಾಲರು ಉಳಿಯಿತೆಂದೂ ಅಲ್ಲಿಯ ಸಂಶೋಧಕರು ಅಂದಾಜಿಸಿದ್ದಾರೆ. ಐವತ್ತೊಂದು ಎಂಬುದು ಶಾಸನಸಭೆಯ ಭಾಷಣಕ್ಕೆ ಸಣ್ಣ ಸಂಖ್ಯೆ. ಆ ಐವತ್ತೊಂದರಲ್ಲಿ ಒಬ್ಬಳಾಗಿದ್ದವಳಿಗೆ ಅಷ್ಟು ಸಣ್ಣದಲ್ಲ.

ಈ ಕಥೆಗೆ ಈಚೆಗೆ ಇನ್ನೊಂದು ತಿರುವು ಬಂದಿದೆ. 2022ರ ಜೂನಿನಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಗರ್ಭಪಾತದ ಹಕ್ಕಿಗಿದ್ದ ಸಂವಿಧಾನದ ರಕ್ಷಣೆಯನ್ನು ತೆಗೆದುಹಾಕಿ ಆ ಪ್ರಶ್ನೆಯನ್ನು ರಾಜ್ಯಗಳಿಗೆ ಬಿಟ್ಟಿತು. ಗರ್ಭವನ್ನು ಮೊದಲೇ ತಡೆಯುವ ಸಾಧನಗಳ ಬೆಲೆ ಆಗ ಎಲ್ಲರಿಗೂ ಹೊಸದಾಗಿ ಅರಿವಾಯಿತು. 2023ರ ಜುಲೈ 13ರಂದು ಓಪಿಲ್ ಎಂಬ ಗುಳಿಗೆಯನ್ನು ಚೀಟಿಯಿಲ್ಲದೆ ಮಾರಲು ಕೇಂದ್ರದ ಔಷಧ ಆಡಳಿತವೇ ಅನುಮತಿಯಿತ್ತಿತು. 2024ರ ಮಾರ್ಚ್ ತಿಂಗಳಲ್ಲಿ ಅದು ಅಂಗಡಿಗಳಿಗೆ ಬಂದಿತು. ಅದರಲ್ಲಿ ಈಸ್ಟ್ರೋಜನ್ ಇಲ್ಲ, ನಾರ್ಜೆಸ್ಟ್ರೆಲ್ ಎಂಬ ಒಂದೇ ಹಾರ್ಮೋನು 0.075 ಮಿಲಿಗ್ರಾಂ ಇದೆ. ವಯಸ್ಸಿನ ಕಟ್ಟಳೆಯಿಲ್ಲ. ಹಾಗಾದರೆ ರಾಜ್ಯಗಳ ಶಾಸನಗಳೆಲ್ಲ ವ್ಯರ್ಥವಾದುವೇ ಎಂದರೆ, ಅಲ್ಲ. ಓಪಿಲ್ಲಿಗೆ ಕಂಪೆನಿ ಸೂಚಿಸಿದ ಬೆಲೆ ತಿಂಗಳಿಗೆ 20 ಡಾಲರಿನ ಸಮೀಪ, ಮತ್ತು ಚೀಟಿಯಿಲ್ಲದೆ ಕೊಂಡದ್ದಕ್ಕೆ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಚೀಟಿಯಿದ್ದರೆ ಗುಳಿಗೆ ಉಚಿತ, ಆದರೆ ಚೀಟಿಗೆ ಅಲೆಯಬೇಕು. ಚೀಟಿ ಬೇಡವಾದರೆ ಅಲೆದಾಟವಿಲ್ಲ, ಆದರೆ ಹಣ ತೆರಬೇಕು. ಬೇರೆ ಬಗೆಯ ಗುಳಿಗೆ ಬೇಕಾದವರಿಗೂ, ಪಟ್ಟಿಯೋ ಬಳೆಯೋ ಬೇಕಾದವರಿಗೂ ಔಷಧಜ್ಞನ ಚೀಟಿಯೇ ಹತ್ತಿರದ ದಾರಿಯಾಗಿ ಉಳಿದಿದೆ.

ಇನ್ನು ನಮ್ಮ ಕಡೆಗೆ ಬಂದರೆ, ಇಲ್ಲಿಯ ಸ್ಥಿತಿ ಒಂದು ರೀತಿಯಲ್ಲಿ ತಲೆಕೆಳಗು. ಸರ್ಕಾರವು ಮಾಲಾ-ಎನ್ ಗುಳಿಗೆಯನ್ನು ಆರೋಗ್ಯಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತದೆ. ಮಾಲಾ-ಡಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಲಕ್ನೋವಿನ ಕೇಂದ್ರೀಯ ಔಷಧ ಸಂಶೋಧನಾಲಯದಲ್ಲಿ ನಮ್ಮವರೇ ಕಂಡುಹಿಡಿದ, ಹಾರ್ಮೋನಲ್ಲದ ಗುಳಿಗೆಯೊಂದು 1991ರಲ್ಲಿ ಸಹೇಲಿಯೆಂಬ ಹೆಸರಿನಿಂದ ಹೊರಬಂದು, ಈಗ ಛಾಯಾ ಎಂಬ ಹೆಸರಿನಿಂದ ಸರ್ಕಾರಿ ಯೋಜನೆಯಲ್ಲಿಯೂ ಸೇರಿದೆ. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದೂ ಉಂಟು. ತುರ್ತು ಗುಳಿಗೆಯನ್ನು 2005ರಿಂದಲೇ ಚೀಟಿಯಿಲ್ಲದೆ ಮಾರಬಹುದಾಗಿದೆ. ಅಮೆರಿಕದವರು ಅದಕ್ಕೆ ಮೊದಲ ಬಾರಿ ಒಪ್ಪಿದ್ದು 2006ರಲ್ಲಿ, ಅದೂ ಹದಿನೆಂಟು ತುಂಬಿದವರಿಗೆ ಮಾತ್ರ.

ಕಾಗದದ ಮೇಲೆ ನಾವು ಹಿಂದಿಲ್ಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದರೆ, ದೇಶದ ವಿವಾಹಿತ ಮಹಿಳೆಯರಲ್ಲಿ ಗುಳಿಗೆ ಬಳಸುವವರು ಶೇಕಡಾ 5ರಷ್ಟು ಮಾತ್ರ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹೆಂಗಸರು ಶೇಕಡಾ 38ರ ಸಮೀಪ. ಆಂಧ್ರಪ್ರದೇಶದಲ್ಲಿ ಅದು 70ರ ಹತ್ತಿರ. ಗಂಡಸರ ಶಸ್ತ್ರಚಿಕಿತ್ಸೆ ಶೇಕಡಾ 0.3. ಆದವಾನಿಯ ಕಡೆಯಲ್ಲಾಗಲಿ ರಾಯದುರ್ಗದ ಕಡೆಯಲ್ಲಾಗಲಿ ಹುಡುಗಿಗೆ ಮದುವೆ, ಬೇಗ ಬೇಗ ಎರಡು ಮಕ್ಕಳು, ಇಪ್ಪತ್ತೈದರೊಳಗೆ ಶಸ್ತ್ರಚಿಕಿತ್ಸೆ ಎಂಬ ದಾರಿ ಎಷ್ಟು ರೂಢವಾಗಿದೆಯೆಂದರೆ, ಎರಡು ಮಕ್ಕಳ ನಡುವೆ ಅಂತರವಿಡಲು ಬೇರೆ ಸಾಧನವುಂಟೆಂದು ಆಕೆಗೆ ಯಾರೂ ಹೇಳುವುದಿಲ್ಲ. ಮತ್ತೆ, ಇವೆಲ್ಲ ಹೆಣ್ಣಿನ ಮೈಮೇಲೆಯೇ ಏಕೆ ಬರಬೇಕೆಂದು ಗಂಡಸರನ್ನು ಕೇಳುವವರೂ ಇಲ್ಲ. ಆ 0.3 ಎಂಬ ಅಂಕಿಯನ್ನು ನಮ್ಮ ಓದುಗ ಮಹಾಶಯರು ಒಮ್ಮೆ ನಿಧಾನವಾಗಿ ಓದಬೇಕೆಂದು ಬಿನ್ನಹ.

ಗಡಿಯ ಮಾತು ಇಲ್ಲಿಯೂ ಬರುತ್ತದೆ. ತುರ್ತು ಗುಳಿಗೆಗೆ ಇಡೀ ದೇಶದಲ್ಲಿ ಒಂದೇ ಕೇಂದ್ರ ನಿಯಮವಿದ್ದರೂ, ತಮಿಳುನಾಡಿನ ಎಷ್ಟೋ ಮದ್ದಿನಂಗಡಿಗಳು ಬಹುವರ್ಷಗಳಿಂದ ಅದನ್ನು ಇಡುವುದೇ ಇಲ್ಲವೆಂದು ಪತ್ರಿಕೆಗಳು ಮತ್ತೆ ಮತ್ತೆ ವರದಿ ಮಾಡಿವೆ. ನಿಷೇಧವೇನೂ ಇಲ್ಲವೆಂದು ಅಧಿಕಾರಿಗಳು ಹೇಳುತ್ತಾರೆ. ಅಂಗಡಿಯವರು ತೊಂದರೆ ಏಕೆಂದು ತರಿಸುವುದಿಲ್ಲ. ಬರೆಯದ ಕಾನೂನನ್ನು ರದ್ದುಮಾಡಿಸುವುದು ಬರೆದ ಕಾನೂನನ್ನು ರದ್ದುಮಾಡಿಸುವುದಕ್ಕಿಂತ ಕಷ್ಟ. ಹೊಸೂರಿನಲ್ಲಿ ಇಲ್ಲವೆಂದದ್ದು ಕೆಲವೇ ಮೈಲಿಯಾಚೆಯ ಅತ್ತಿಬೆಲೆಯಲ್ಲಿ ಸಿಕ್ಕಬಹುದು. ತಾಳವಾಡಿಯವರು ಚಾಮರಾಜನಗರಕ್ಕೆ ಬಸ್ಸು ಹಿಡಿಯಬಹುದು. ಆದರೆ ಎಪ್ಪತ್ತೆರಡು ಗಂಟೆಗಳೊಳಗೆ, ಅದರಲ್ಲಿಯೂ ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದೆಂದು, ನುಂಗಬೇಕಾದ ಗುಳಿಗೆಗೆ ಬಸ್ಸಿನ ಹೊತ್ತು ನೋಡಿಕೊಂಡು ಕುಳಿತಿರಲಾಗುವುದೇ?

ಅಮೆರಿಕದ ಶಾಸನಗಳಿಂದ ನಮಗೆ ಬೇಕಾದುದು ಚೀಟಿಯ ಅಧಿಕಾರವಲ್ಲ, ಆ ಪ್ರಶ್ನಾವಳಿ. ಇಲ್ಲಿ ಗುಳಿಗೆ ಸುಲಭವಾಗಿ ಸಿಗುತ್ತದೆ, ಕೇಳುವವರು ಸಿಗುವುದಿಲ್ಲ. 1948ರ ಔಷಧಶಾಸ್ತ್ರ ಕಾಯಿದೆಯ ಪ್ರಕಾರ ನೋಂದಾಯಿತ ಔಷಧಜ್ಞನೇ ಔಷಧ ಕೊಡಬೇಕೆಂದಿದ್ದರೂ, ನಮ್ಮ ಸಣ್ಣ ಊರುಗಳಲ್ಲಿ ಎದುರಿಗೆ ನಿಲ್ಲುವವನು ಅನೇಕ ವೇಳೆ ಕೆಲಸದ ಹುಡುಗ. ಪೊಟ್ಟಣದೊಳಗಿನ ಕಾಗದ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುತ್ತದೆ. ಆರೋಗ್ಯ ಕಾರ್ಯಕರ್ತೆಯ ಕೈಯಲ್ಲಿರುವ ಕರಪತ್ರ ಕಾಸರಗೋಡಿನಲ್ಲಿ ಮಲೆಯಾಳದಲ್ಲಿ, ಜತ್ತಿನಲ್ಲಿ ಮರಾಠಿಯಲ್ಲಿ. ಮಗಳಿಗೆ ಶಾಲೆಯಿಂದ ಆ ಭಾಷೆ ಬಂದೀತು, ಸೊಸೆಯಾಗಿ ಕರ್ನಾಟಕದಿಂದ ಬಂದವಳಿಗೆ ಬಾರದು. ಮೈಯ ವಿಷಯವನ್ನು ಪರಭಾಷೆಯಲ್ಲಿ ಕೇಳಿ ತಿಳಿಯಬೇಕಾದವಳು ಕೇಳುವುದನ್ನೇ ಬಿಡುತ್ತಾಳೆ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ಕಚೇರಿಯ ಅರ್ಜಿಗಳಷ್ಟೇ ಎಂದು ನಮ್ಮ ಸಂಘಗಳು ತಿಳಿದಿವೆ. ಪ್ರಾಥಮಿಕ ಆರೋಗ್ಯಕೇಂದ್ರದ ಕರಪತ್ರವೂ ಆ ಪಟ್ಟಿಯಲ್ಲಿ ಸೇರಬೇಕೆಂದು ನಾವು ಸೂಚಿಸುತ್ತೇವೆ.

ಅದು ಆಗುವವರೆಗೆ ನಮ್ಮ ಸಹೋದರಿಯರಿಗೆ ಉಪಯೋಗವಾದೀತೆಂದು ಒಂದೆರಡು ಮಾತು. ಮೂವತ್ತೈದು ದಾಟಿ ಧೂಮಪಾನ ಮಾಡುವವರು, ರಕ್ತದೊತ್ತಡ ಇರುವವರು, ಎಂದಾದರೂ ರಕ್ತ ಹೆಪ್ಪುಗಟ್ಟಿದವರು, ಮಿಂಚು ಕಂಡು ತಲೆಶೂಲೆ ಬರುವವರು, ಹೆರಿಗೆಯಾಗಿ ಮೂರು ವಾರ ತುಂಬದವರು ಮಾಲಾ-ಡಿಯಂತಹ ಸಂಯುಕ್ತ ಗುಳಿಗೆಯನ್ನು ತಾವಾಗಿಯೇ ಆರಂಭಿಸಬಾರದು. ಮಗುವಿಗೆ ಮೊಲೆಯೂಡಿಸುತ್ತಿರುವವರೂ ಮೊದಲು ವೈದ್ಯರನ್ನು ಕೇಳಬೇಕು. ಇಂತಹವರಲ್ಲಿ ಹಲವರಿಗೆ ಒಪ್ಪುವ ಬೇರೆ ವಿಧಾನಗಳುಂಟು. ಗುಳಿಗೆ ನುಂಗುವಾಗ ಒಂದೇ ಕಾಲಿನಲ್ಲಿ ಊತ ಮತ್ತು ನೋವು, ಎದೆನೋವು, ಹಠಾತ್ತನೆ ಉಸಿರುಕಟ್ಟುವುದು, ತಡೆಯಲಾರದ ತಲೆನೋವು ಕಂಡರೆ ಗುಳಿಗೆ ನಿಲ್ಲಿಸಿ ಕೂಡಲೆ ಆಸ್ಪತ್ರೆಗೆ ಹೋಗಬೇಕು. ಕ್ಷಯಕ್ಕೆ ರಿಫಾಂಪಿಸಿನ್ ಸೇವಿಸುವವರಿಗೂ, ಅಪಸ್ಮಾರಕ್ಕೆ ಫೆನಿಟಾಯಿನ್ ಅಥವಾ ಕಾರ್ಬಮಜೆಪಿನ್ ಸೇವಿಸುವವರಿಗೂ ಗರ್ಭನಿರೋಧಕ ಗುಳಿಗೆಯ ಶಕ್ತಿ ಕುಂದುತ್ತದೆ; ಅಂತಹವರು ಎರಡು ಮದ್ದಿನ ಹೆಸರನ್ನೂ ಒಂದೇ ಚೀಟಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಬೇಕು. ತುರ್ತು ಗುಳಿಗೆ ದಿನನಿತ್ಯಕ್ಕಲ್ಲ, ಈಗಾಗಲೇ ನಿಂತ ಗರ್ಭವನ್ನು ಅದು ತೆಗೆಯುವುದೂ ಇಲ್ಲ. ಮಾಲಾ-ಡಿಯ ಪಟ್ಟಿಯಲ್ಲಿ ಬೇರೆ ಬಣ್ಣದ ಏಳು ಗುಳಿಗೆಗಳಿರುತ್ತವೆ, ಅವು ಕಬ್ಬಿಣಾಂಶದವು. ಅವನ್ನೂ ಬಿಡದೆ ನುಂಗಿದರೆ ದಿನದ ಅಭ್ಯಾಸ ತಪ್ಪುವುದಿಲ್ಲ.